ನಮ್ಮ ಜನ ಯಾವುದರಿಂದ ಸಾಯುತ್ತಿದ್ದಾರೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಅವರ್ಸಾದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬ ಅಂದರೆ ಸಂತೋಷದ ದಿನ. ಇಂಥ ದಿನ ಸಾವಿನ ಮಾತು ಯಾಕೆ ತೆಗೆದ ಇವ, ಬೇರೆ ವಿಷಯ ಸಿಗಲಿಲ್ಲವೇ, ಎಂದು ಕೆಲವರಿಗೆ ಅನ್ನಿಸಬಹುದು. ಸಂಘದ ಬೆಳವಣಿಗೆಯ ಬಗ್ಗೆ, ಠೇವಣಿ, ಸಾಲ, ಲಾಭಾಂಶದ ಬಗ್ಗೆ ಅಧ್ಯಕ್ಷರು ಸವಿಸ್ತಾರವಾಗಿ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಕಲಿತ ಒಬ್ಬ ರೈತ. ಡಾಕ್ಟರ್ ಅಲ್ಲ. ಆದರೆ ಸಂಘದ ನಿರ್ದೇಶಕನಾಗಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪ್ರತಿ ವರ್ಷ ಸದಸ್ಯರ ಪಟ್ಟಿ ಪರಿಷ್ಕರಿಸುವಾಗ ಕೆಲವು ಹೆಸರುಗಳ ಮುಂದೆ 'ಮೃತ' ಎಂದು ಬರೆಯಬೇಕಾಗುತ್ತದೆ. ಎಂಬತ್ತು ವರ್ಷ ಬಾಳಿ ಹೋದವರ ಹೆಸರಾದರೆ ಕೈಮುಗಿದು ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ನಲವತ್ತೈದು, ಐವತ್ತು ವರ್ಷದವರ ಹೆಸರು ಬಂದಾಗ ಸಭೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಅವರ ಬೆಳೆಸಾಲ ಬಾಕಿ ಇರುತ್ತದೆ, ಮಕ್ಕಳು ಕಾಲೇಜಿನಲ್ಲಿರುತ್ತಾರೆ, ಗದ್ದೆ ಅರ್ಧ ನೆಟ್ಟಿ ಆಗಿರುತ್ತದೆ. ಸಂಘ ಅಂದರೆ ಕಟ್ಟಡ ಅಲ್ಲ, ಸದಸ್ಯರು. ಆದ್ದರಿಂದ ಸದಸ್ಯರು ಯಾವುದರಿಂದ ಹೋಗುತ್ತಿದ್ದಾರೆ ಎಂಬ ಲೆಕ್ಕವೂ ನಮ್ಮ ಲೆಕ್ಕವೇ ಎಂದು ತಿಳಿದು ಈ ವಿಷಯ ಆರಿಸಿಕೊಂಡಿದ್ದೇನೆ.

ಮೊದಲು ನಮ್ಮ ಅಜ್ಜಂದಿರ ಕಾಲ ನೋಡುವ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇದರ ಅರ್ಥ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಎಂದಲ್ಲ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ, ಬಾಣಂತಿಯರು ಉಳಿಯುತ್ತಿರಲಿಲ್ಲ, ಹಾಗಾಗಿ ಸರಾಸರಿ ಕೆಳಗೆ ಇಳಿಯುತ್ತಿತ್ತು. ಎಂಟು ಹೆತ್ತು ನಾಲ್ಕು ಉಳಿಸಿಕೊಂಡ ಅಜ್ಜಿಯರ ಕತೆ ಇಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ? ಆಗಿನ ಯಮದೂತರೆಂದರೆ ಕಾಲರಾ, ಸಿಡುಬು, ಕ್ಷಯ, ಮಲೇರಿಯಾ, ಭೇದಿ, ಬಾಣಂತಿ ಸನ್ನಿ.

ಮಲೇರಿಯಾದ ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷವಾಗಿ ತಿಳಿದಿರಬೇಕು. ಆಗ ಕೆನರಾ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಘಟ್ಟದ ಮೇಲಿನ ಸುಪಾ, ಹಳಿಯಾಳ, ಯಲ್ಲಾಪುರದ ಕಡೆ ಚಳಿಜ್ವರ ಎಷ್ಟು ಉಗ್ರವಾಗಿತ್ತೆಂದರೆ, ಜನಗಣತಿಯಿಂದ ಜನಗಣತಿಗೆ ಅಲ್ಲಿಯ ಜನಸಂಖ್ಯೆ ಕಡಿಮೆಯಾಗುತ್ತ ಬಂದಿತ್ತು. 1946ರ ಸುಮಾರಿಗೆ ಡಾ. ಡಿ.ಕೆ. ವಿಶ್ವನಾಥನ್ ಎಂಬ ವೈದ್ಯಾಧಿಕಾರಿಗಳ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಯುವ ಕೆಲಸ ನಡೆಯಿತು. ಹಳ್ಳಿಗಾಡಿನ ಮಲೇರಿಯಾವನ್ನು ಹೀಗೆ ತಗ್ಗಿಸಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ಜಾಗಗಳಲ್ಲಿ ನಮ್ಮ ಜಿಲ್ಲೆ ಒಂದು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಯಿತು. ಸಿಡುಬೂ ಹೀಗೆಯೇ ಹೋಯಿತು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬಿನ ಒಂದು ಪ್ರಕರಣವೂ ಇಲ್ಲ. ಹಿರಿಯರ ರಟ್ಟೆಯ ಮೇಲಿನ ದೇವಿ ಹಾಕಿಸಿದ ಗುರುತು ಮಾತ್ರ ಉಳಿದಿದೆ.

ಮಕ್ಕಳ ವಿಷಯವೂ ಹಾಗೆಯೇ. 1990ರ ಸುಮಾರಿಗೆ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 70 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಲೆಕ್ಕದಲ್ಲಿ ಅದು 19ಕ್ಕೆ ಇಳಿದಿದೆ. ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಒಳ್ಳೆಯ ಕುಡಿಯುವ ನೀರು, ನಮ್ಮ ಊರಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಓಡಾಟ, ಇವೆಲ್ಲ ಸೇರಿ ಆದ ಕೆಲಸ ಇದು. ಸಾವನ್ನು ಗೆಲ್ಲಲಾಗದು ಎಂಬ ಮಾತು ನಿಜ. ಆದರೆ ಅಕಾಲದ ಸಾವನ್ನು ಹಿಂದೆ ತಳ್ಳಬಹುದು ಎಂಬುದಕ್ಕೆ ನಾವೇ ಸಾಕ್ಷಿ.

ಹಾಗಾದರೆ ಈಗ ಜನ ಯಾವುದರಿಂದ ಹೋಗುತ್ತಿದ್ದಾರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇತರ ಸಂಸ್ಥೆಗಳು ಸೇರಿ ರಾಜ್ಯವಾರು ರೋಗಗಳ ಲೆಕ್ಕ ಹಾಕಿ 2017ರಲ್ಲಿ ಒಂದು ದೊಡ್ಡ ವರದಿ ಕೊಟ್ಟವು. 1990ರಲ್ಲಿ ದೇಶದ ನೂರು ಸಾವುಗಳಲ್ಲಿ ಸುಮಾರು 54 ಅಂಟುರೋಗ, ಹೆರಿಗೆ, ಶಿಶುಗಳ ಕಾಯಿಲೆ ಮತ್ತು ಅಪೌಷ್ಟಿಕತೆಯಿಂದ ಆಗುತ್ತಿದ್ದವು. ಹೃದಯರೋಗ, ಲಕ್ವ, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಶ್ವಾಸಕೋಶದ ರೋಗಗಳಂಥ ಅಂಟದ ಕಾಯಿಲೆಗಳಿಂದ 38. 2016ಕ್ಕೆ ಬರುವಾಗ ಲೆಕ್ಕ ತಿರುಗಿ ನಿಂತಿತು. ಅಂಟದ ಕಾಯಿಲೆಗಳದ್ದು ಸುಮಾರು 62, ಮೊದಲಿನವುಗಳದ್ದು 28ರ ಒಳಗೆ. ಉಳಿದದ್ದು ಅಪಘಾತ, ಆತ್ಮಹತ್ಯೆ ಮುಂತಾದವು. ಕರ್ನಾಟಕ ಈ ಬದಲಾವಣೆಯಲ್ಲಿ ಮುಂದಿರುವ ರಾಜ್ಯಗಳ ಸಾಲಿನಲ್ಲಿದೆ. ನಮ್ಮ ರಾಜ್ಯದ ಸಾವಿನ ಕಾರಣಗಳಲ್ಲಿ ಮೊದಲ ಸ್ಥಾನ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಗೆ, ಅಂದರೆ ನಾವು ಹಾರ್ಟ್ ಅಟ್ಯಾಕ್ ಎನ್ನುವುದಕ್ಕೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮತ್ತು ಲಕ್ವ ಕೂಡ ಮುಂಚೂಣಿಯಲ್ಲೇ ಇವೆ.

ಆದರೆ ನಮ್ಮ ಭಯ ಬೇರೆ ಕಡೆ ಇರುತ್ತದೆ. ಪೇಪರಿನಲ್ಲಿ ಬಂದದ್ದಕ್ಕೆ ಹೆದರುತ್ತೇವೆ, ಮನೆಯೊಳಗೆ ಕುಳಿತದ್ದಕ್ಕೆ ಹೆದರುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ಕಡೆ ಈಗಲೂ ಜನರನ್ನು ಕಾಡುತ್ತದೆ, ಎಚ್ಚರ ಬೇಕೇ ಬೇಕು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಹನ್ನೊಂದು ಜೀವ ಹೋಯಿತು. ಅದನ್ನು ನಾವು ಯಾರೂ ಮರೆಯುವುದಿಲ್ಲ, ಮರೆಯಲೂ ಬಾರದು. ಕೊರೊನಾದಿಂದ ಕರ್ನಾಟಕದಲ್ಲಿ ಸರಕಾರಿ ಲೆಕ್ಕದಂತೆ ಎಲ್ಲ ವರ್ಷ ಸೇರಿ ಸುಮಾರು 40 ಸಾವಿರ ಜನ ತೀರಿಹೋದರು. ಆದರೆ ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ ಐದು ಲಕ್ಷಕ್ಕೂ ಹೆಚ್ಚು ಸಾವುಗಳು ನೋಂದಣಿಯಾಗುತ್ತವೆ. ಅದರ ಬಹುಪಾಲು ಯಾವ ಪೇಪರಿನಲ್ಲೂ ಬರುವುದಿಲ್ಲ. ಒಬ್ಬೊಬ್ಬರಾಗಿ, ಒಂದೊಂದು ಮನೆಯಿಂದ, ಸದ್ದಿಲ್ಲದೆ ಹೋಗುವವರು ಅವರು.

2025ರಲ್ಲಿ ಹಾಸನ ಜಿಲ್ಲೆಯ ಸುದ್ದಿ ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹಠಾತ್ತಾಗಿ ತೀರಿಕೊಂಡರು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಲಸಿಕೆಯಿಂದ ಎಂದರು ಕೆಲವರು, ಶಾಪ ಎಂದರು ಕೆಲವರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು 24 ಸಾವುಗಳನ್ನು ಪರಿಶೀಲಿಸಿ ಹೇಳಿದ್ದು ಏನು? ಹೃದಯಾಘಾತ ಅಲ್ಲಿ ಹಿಂದಿನ ವರ್ಷಗಳಿಗಿಂತ ಅಸಹಜವಾಗಿ ಹೆಚ್ಚಿಲ್ಲ, ಕೊರೊನಾ ಲಸಿಕೆಗೂ ಇದಕ್ಕೂ ಸಂಬಂಧ ಕಂಡಿಲ್ಲ, ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಮುಂತಾದ ಹಳೆಯ ಕಾರಣಗಳೇ ಬಹಳ ಜನರಲ್ಲಿ ಇದ್ದವು ಎಂದು. ಇದನ್ನು ಕೇಳಿ ಹಲವರು 'ಹಾಗಾದರೆ ಅಡ್ಡಿಲ್ಲ' ಎಂದುಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಹಾಸನದಲ್ಲಿ ಹೊಸದಾದದ್ದು ಏನೂ ಇಲ್ಲ ಎಂದರೆ, ಅಷ್ಟು ಜನ ಪ್ರತಿ ವರ್ಷ ಹೋಗುತ್ತಲೇ ಇದ್ದರು, ಆ ವರ್ಷ ಎಣಿಸಿದರು ಅಷ್ಟೇ ಎಂದಾಯಿತು. ಎಣಿಸಿದರೆ ನಮ್ಮ ಊರಲ್ಲೂ ಅದೇ ಕಾಣಬಹುದು.

ಈಗ ನಮ್ಮ ಮನೆಯೊಳಗೆ ಬರುವ. ಮೊದಲನೆಯದು ಬಿ.ಪಿ., ರಕ್ತದೊತ್ತಡ. ಹೃದಯಾಘಾತಕ್ಕೂ ಲಕ್ವಕ್ಕೂ ಇದು ದೊಡ್ಡ ಬಾಗಿಲು. ಬಿ.ಪಿ. ಇದ್ದರೆ ನೋವಿಲ್ಲ, ಜ್ವರವಿಲ್ಲ, ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. 2023ರಲ್ಲಿ ಪ್ರಕಟವಾದ ದೇಶದ ದೊಡ್ಡ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 31 ಕೋಟಿಗೂ ಹೆಚ್ಚು ಜನರಿಗೆ ಬಿ.ಪಿ., 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಂಘದ ಭಾಷೆಯಲ್ಲಿ ಹೇಳುತ್ತೇನೆ, ಬೇಗ ಅರ್ಥವಾಗುತ್ತದೆ. ವಾಯಿದೆಯೊಳಗೆ ಬೆಳೆಸಾಲ ಕಟ್ಟಿದವನಿಗೆ ಬಡ್ಡಿ ಇಲ್ಲ. ಸುಸ್ತಿಯಾದರೆ ಬಡ್ಡಿ ಬೀಳುತ್ತದೆ, ಆಮೇಲೆ ನೋಟೀಸು, ಆಮೇಲೆ ದಾವೆ. ಬಿ.ಪಿ.ಯೂ ಹಾಗೆಯೇ. ಮೊದಲೇ ನೋಡಿಸಿ ದಿನಕ್ಕೊಂದು ಮಾತ್ರೆ ತೆಗೆದುಕೊಂಡವನಿಗೆ ಖರ್ಚು ಹೆಚ್ಚಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ. ಸುಸ್ತಿ ಬಿಟ್ಟವನಿಗೆ ಹತ್ತು ವರ್ಷದ ಬಾಕಿ ಒಂದೇ ದಿನ ವಸೂಲಿಗೆ ಬರುತ್ತದೆ. ಇನ್ನೊಂದು ಮಾತು. ಬಿ.ಪಿ. ಸರಿಯಾಯಿತು ಎಂದು ಮಾತ್ರೆ ಬಿಡುವವರು ಬಹಳ. ಅದು ಸರಿಯಾದದ್ದೇ ಮಾತ್ರೆಯಿಂದ. ಡಾಕ್ಟರು ಹೇಳದೆ ಬಿಡಬಾರದು.

ಎರಡನೆಯದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮ್ಮದು. ಅಂಕೋಲೆಯವರಿಗಂತೂ ಉಪ್ಪು ಅಂದರೆ ಅಭಿಮಾನ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ಕರೆಯಲ್ಲಿ ಉಪ್ಪು ಮಾಡಿ ನಮ್ಮ ಹಿರಿಯರು ಬ್ರಿಟಿಷರ ಕಾನೂನು ಮುರಿದರು, ಜೈಲಿಗೆ ಹೋದರು. ಆ ಉಪ್ಪಿಗೆ ನಾನು ಅಗೌರವ ಮಾಡುತ್ತಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ ಉಪ್ಪು ಸಾಕು ಎನ್ನುತ್ತದೆ. ನಮ್ಮ ದೇಶದವರು ಸರಾಸರಿ 8 ಗ್ರಾಂನಷ್ಟು ತಿನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಗಂಜಿಗೆ ಉಪ್ಪು, ಅದರ ಜೊತೆ ಒಣಮೀನು, ಮೇಲೊಂದು ಅಪ್ಪೆಮಿಡಿ ಉಪ್ಪಿನಕಾಯಿ. ಮಳೆಗಾಲದಲ್ಲಿ ಬಲೆ ಮೇಲೆ ಬಂದಾಗ ಒಣಮೀನೇ ಗತಿ ಎನ್ನುವುದು ನನಗೂ ಗೊತ್ತು. ಬಿಡಿ ಎಂದು ಹೇಳುತ್ತಿಲ್ಲ. ಒಣಮೀನನ್ನು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಗಂಜಿಗೆ ಮತ್ತೆ ಉಪ್ಪು ಹಾಕಬೇಡಿ, ಊಟಕ್ಕೆ ಕುಳಿತಾಗ ಉಪ್ಪಿನ ಡಬ್ಬಿ ಹತ್ತಿರ ಇಟ್ಟುಕೊಳ್ಳಬೇಡಿ. ಇಷ್ಟು ಮಾಡಿದರೂ ಬಹಳವಾಯಿತು.

ಮೂರನೆಯದು ಹೊಗೆ. ಇದು ತಾಯಂದಿರಿಗೆ ಹೇಳುವ ಮಾತು, ಗಂಡಸರೂ ಕೇಳಬೇಕು. ಬೀಡಿ ಸಿಗರೇಟು ಸೇದದ ಹೆಂಗಸಿಗೆ ಶ್ವಾಸಕೋಶ ಹಾಳಾಗುವುದು ಹೇಗೆ? ಒಲೆಯ ಹೊಗೆಯಿಂದ. ಈಗ ಮನೆಮನೆಗೆ ಗ್ಯಾಸ್ ಬಂದಿದೆ, ಚಹಾ ಮತ್ತು ಸಾರು ಗ್ಯಾಸಿನ ಮೇಲೆ. ಆದರೆ ಅನ್ನ, ಭತ್ತ ಬೇಯಿಸುವುದು, ಬಚ್ಚಲ ಹಂಡೆಯ ನೀರು ಕಾಯಿಸುವುದು ಇಂದಿಗೂ ಅನೇಕ ಮನೆಗಳಲ್ಲಿ ಸೌದೆ, ಮಡಲು, ಕಾಯಿಸಿಪ್ಪೆಯಿಂದಲೇ. ಮಳೆಗಾಲದಲ್ಲಿ ಹಸಿ ಸೌದೆ, ಬಾಗಿಲು ಮುಚ್ಚಿದ ಬಚ್ಚಲು. ಮೂವತ್ತು ವರ್ಷ ಊದುಗೊಳವೆ ಊದಿದ ಎದೆ ಅದು. ಅವರ ಕೆಮ್ಮು, ದಮ್ಮನ್ನು ನಾವು ವಯಸ್ಸಾಯಿತು ಎಂದು ಬಿಡುತ್ತೇವೆ. ಬಚ್ಚಲಿಗೆ ಹೊಗೆ ಹೋಗುವ ಚಿಮಣಿ ಇಡಿಸಲು ಬಹಳ ಹಣ ಬೇಡ. ಮನೆ ರಿಪೇರಿಗೆ ಸಾಲ ಕೇಳುವವರು ಅದರಲ್ಲಿ ಇದನ್ನೂ ಸೇರಿಸಿಕೊಳ್ಳಿ.

ನಾಲ್ಕನೆಯದು ಕವಳ, ಹೊಗೆಸೊಪ್ಪು, ಗುಟ್ಕಾ. ನೆಂಟರು ಬಂದರೆ ಕವಳದ ಬಟ್ಟಲು ಮುಂದಿಡುವುದು ನಮ್ಮ ಸಂಸ್ಕೃತಿ. ಎಲೆ ಸುಣ್ಣದ ಜೊತೆ ಹೊಗೆಸೊಪ್ಪು ಸೇರಿದಾಗ ಅದು ಬಾಯಿ ಕ್ಯಾನ್ಸರಿಗೆ ದಾರಿ. ಬರಿಯ ಅಡಿಕೆಯೂ ನಿರಪಾಯವಲ್ಲ ಎಂದು ವೈದ್ಯರು ಹೇಳುತ್ತಾರೆ, ಅಡಿಕೆ ಬೆಳೆಯುವವರ ಸಭೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಗುಟ್ಕಾವನ್ನು ರಾಜ್ಯ ಸರಕಾರ 2013ರಲ್ಲೇ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರುತ್ತಾರೆ, ನಮ್ಮ ಹುಡುಗರು ಎರಡನ್ನೂ ಕೂಡಿಸಿಕೊಳ್ಳುತ್ತಾರೆ. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಕಲೆ, ಬಾಯಿ ಅಗಲಿಸಲು ಕಷ್ಟ, ಇವು ಕಂಡರೆ ತಡಮಾಡಬಾರದು. ತಾಯಂದಿರು ಎದೆಯ ಗಂಟು, ಮುಟ್ಟು ನಿಂತ ಮೇಲೂ ರಕ್ತ ಕಾಣುವುದು, ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಕ್ಯಾನ್ಸರ್ ಬೇಗ ಸಿಕ್ಕಿದರೆ ಗುಣವಾಗುವ ರೋಗ, ತಡವಾದರೆ ಅಲ್ಲ.

ಐದನೆಯದು ಕುಡಿತ. ಈ ವಿಷಯದಲ್ಲಿ ನಮ್ಮ ತಾಲೂಕಿಗೆ ಹೊರಗಿನವರು ಬುದ್ಧಿ ಹೇಳಬೇಕಾಗಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಕೋಗಿಲೆ ಮಾತ್ರ ಆಗಿರಲಿಲ್ಲ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ನಮ್ಮನ್ನು ಅಗಲಿದರು. ಸಾರಾಯಿ 2007ರ ಜುಲೈನಿಂದ ರಾಜ್ಯದಲ್ಲಿ ನಿಷೇಧವಾಯಿತು. ಆದರೆ ಕುಡಿತ ನಿಂತಿಲ್ಲ, ಬಾಟಲಿ ಮಾತ್ರ ಬದಲಾಗಿದೆ. ಲಿವರ್ ಹಾಳಾಗಿ ಸಾಯುವವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ದಯವಿಟ್ಟು ಗಮನ ಇಟ್ಟು ಕೇಳಿ. ಎದೆನೋವು ಬಂದರೆ ನಮ್ಮ ಊರಲ್ಲಿ ಮೊದಲು ಆಗುವುದೇನು? 'ಗ್ಯಾಸ್ ಆಗಿರಬೇಕು' ಎನ್ನುತ್ತೇವೆ. ಓಮದ ನೀರು ಕೊಡುತ್ತೇವೆ, ಸೋಡಾ ಕೊಡುತ್ತೇವೆ, ಪಿತ್ತ ಎಂದು ಮುರುಗಲು ನೀರು ಕೊಡುತ್ತೇವೆ, ಸ್ವಲ್ಪ ಮಲಗು ಎನ್ನುತ್ತೇವೆ. ಆ ಮಲಗುವ ಎರಡು ತಾಸಿನಲ್ಲಿ ಹೃದಯದ ಮಾಂಸ ಸಾಯುತ್ತ ಹೋಗುತ್ತದೆ. ಎದೆಯ ನಡುವೆ ಒತ್ತಿ ಹಿಡಿದಂತೆ ನೋವು, ಅದು ಎಡಗೈಗೆ, ಕುತ್ತಿಗೆಗೆ, ದವಡೆಗೆ ಹೋಗುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವು ಕಂಡರೆ ಗ್ಯಾಸ್ ಅಲ್ಲ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಿಗೆ ಮತ್ತು ಹೆಂಗಸರಿಗೆ ನೋವು ಕಡಿಮೆ ಇದ್ದು ಬರಿಯ ಸುಸ್ತು, ದಮ್ಮು, ವಾಂತಿಯಾಗಿಯೂ ಬರಬಹುದು. ಪರೀಕ್ಷಿಸಿದ ಮೇಲೆ ಗ್ಯಾಸ್ ಎಂದು ಗೊತ್ತಾದರೆ ನಗುತ್ತ ಮನೆಗೆ ಬರುವ, ನಷ್ಟವಿಲ್ಲ.

ಆಸ್ಪತ್ರೆಯ ದೂರ ನಮ್ಮ ಜಿಲ್ಲೆಯ ದುಃಖ. ಮಣಿಪಾಲವೂ ಹುಬ್ಬಳ್ಳಿಯೂ ನಮಗೆ ನೂರು ಕಿಲೋಮೀಟರಿಗೂ ಆಚೆ, ಗೋವಾದ ಬಾಂಬೋಳಿಗೆ ರಾಜ್ಯದ ಗಡಿ ದಾಟಬೇಕು. 2022ರ ಜುಲೈನಲ್ಲಿ ಹೊನ್ನಾವರದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಅಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡಾಗ, ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎಲ್ಲ ಕಡೆಯಿಂದ ಎದ್ದಿತು. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಆದರೂ ಬೇಡಿಕೆ ನ್ಯಾಯವಾದದ್ದೇ, ಕೇಳುತ್ತಲೇ ಇರಬೇಕು. ಆದರೆ ದೊಡ್ಡ ಆಸ್ಪತ್ರೆ ದೂರ ಇದೆ ಎಂದು ಹತ್ತಿರದ್ದನ್ನು ಬಿಟ್ಟು ನೇರ ಮಣಿಪಾಲಕ್ಕೆ ಗಾಡಿ ತಿರುಗಿಸುವುದು ತಪ್ಪು. ಮೊದಲು 108ಕ್ಕೆ ಫೋನು, ಮೊದಲು ಅಂಕೋಲಾ ತಾಲೂಕು ಆಸ್ಪತ್ರೆ ಅಥವಾ ಕಾರವಾರ ಜಿಲ್ಲಾ ಆಸ್ಪತ್ರೆ, ಮೊದಲು ಇ.ಸಿ.ಜಿ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಸರಕಾರ ಹೃದಯ ಜ್ಯೋತಿ ಯೋಜನೆ ಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಎಲ್ಲ ತಾಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ 2025ರಲ್ಲಿ ಸರಕಾರ ಹೇಳಿದೆ. ಆ ಚುಚ್ಚುಮದ್ದು ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಹನ್ನೆರಡು ತಾಸು ದಾಟಿದರೆ ಪ್ರಯೋಜನ ಕಡಿಮೆ.

ಲಕ್ವದ ಬಗ್ಗೆಯೂ ಒಂದು ಮಾತು. ನಮ್ಮ ತಾಲೂಕಿನಲ್ಲಿ ಲಕ್ವಕ್ಕೆ ನಾಟಿ ಔಷಧಿ ಕೊಡುವ ಹೆಸರಾಂತ ಮನೆತನಗಳಿವೆ, ದೂರದೂರದಿಂದ ಜನ ಬರುತ್ತಾರೆ. ಅವರ ಮೇಲೆ ನನಗೆ ಗೌರವ ಇದೆ. ನಾನು ಹೇಳುವುದು ಮೊದಲ ಕೆಲವು ತಾಸಿನ ಮಾತು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಕೂಡಲೇ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಮೆದುಳಿನಲ್ಲಿ ಹೆಪ್ಪುಗಟ್ಟಿದೆಯೋ, ರಕ್ತ ಸೋರಿದೆಯೋ ಎಂದು ಸ್ಕ್ಯಾನ್ ಇಲ್ಲದೆ ಯಾರಿಗೂ ತಿಳಿಯದು. ಹೆಪ್ಪಾಗಿದ್ದರೆ ಕರಗಿಸುವ ಔಷಧಿ ನಾಲ್ಕೂವರೆ ತಾಸಿನೊಳಗೆ ಬೀಳಬೇಕು. ಆಮೇಲಿನ ಆರೈಕೆಗೆ ನಿಮ್ಮ ನಂಬಿಕೆ ಇದ್ದಲ್ಲಿ ಹೋಗಿ, ಆದರೆ ಆ ನಾಲ್ಕೂವರೆ ತಾಸು ಮರಳಿ ಬರುವುದಿಲ್ಲ.

ಕಾಯಿಲೆಯಲ್ಲದ ಸಾವುಗಳನ್ನೂ ಹೇಳಬೇಕು. 2023ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಊರ ನಡುವೆಯೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಮೊದಲು ಎರಡು ಸಾಲಿನ ರಸ್ತೆ ಇದ್ದಾಗ ದಾಟಿದಂತೆ ಈಗ ನಾಲ್ಕು ಸಾಲಿನ ರಸ್ತೆ ದಾಟಲಾಗದು. ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ, ತಲೆಗಾಗಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬಿಟ್ಟು, ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ನಮ್ಮ ರಾಜ್ಯ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿ ಎಂದು ಘೋಷಿಸಿದೆ.

ಇನ್ನೊಂದು, ಹೇಳಲು ನಾಲಿಗೆ ಏಳದ ವಿಷಯ. 2022ರಲ್ಲಿ ನಮ್ಮ ರಾಜ್ಯದಲ್ಲಿ 13 ಸಾವಿರಕ್ಕೂ ಹೆಚ್ಚು ಜನ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಕಾರಣ ಒಂದೇ ಇರುವುದಿಲ್ಲ. ಕಾಯಿಲೆ, ಮನೆಯ ಜಗಳ, ಕುಡಿತ, ಸಾಲ, ಮನಸ್ಸಿನ ಬೇನೆ, ಎಲ್ಲ ಹೆಣೆದುಕೊಂಡಿರುತ್ತವೆ. ಸಹಕಾರ ಸಂಘದವರಾಗಿ ನಮ್ಮ ಪಾಲಿನ ಹೊಣೆ ಇದರಲ್ಲಿದೆ. ವಸೂಲಿ ಆಗಲೇಬೇಕು, ಇಲ್ಲದಿದ್ದರೆ ಸಂಘ ಉಳಿಯುವುದಿಲ್ಲ. ಆದರೆ ವಸೂಲಿಗೆ ಹೋದಾಗ ನಾಲ್ಕು ಜನರ ಎದುರು ಸದಸ್ಯನ ಮಾನ ತೆಗೆಯಬಾರದು. ಕಷ್ಟ ಇದ್ದರೆ ಸಂಘಕ್ಕೆ ಬಂದು ಹೇಳಿ, ಕಂತು ಮುಂದೂಡುವ ದಾರಿ ಇದೆ. ಕೀಟನಾಶಕದ ಡಬ್ಬಿ ಮನೆಯೊಳಗೆ ಕೈಗೆ ಸಿಗುವಂತೆ ಇಡಬೇಡಿ, ಬೀಗ ಹಾಕಿ ಇಡಿ. ಮನಸ್ಸು ಸೋತವರು ಅಥವಾ ಅವರ ಮನೆಯವರು ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗಲೂ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಕೊನೆಯದಾಗಿ ಲೆಕ್ಕದ ವಿಷಯ. ಸಾವು ಆದ 21 ದಿನಗಳೊಳಗೆ ನೋಂದಣಿ ಮಾಡಿಸಬೇಕೆಂದು 1969ರ ಕಾಯಿದೆ ಹೇಳುತ್ತದೆ. ಆಸ್ತಿ, ವಿಮೆ, ಸಂಘದ ಷೇರು ವರ್ಗಾವಣೆಗೆ ಬೇಕಾಗುತ್ತದೆಂದು ನಾವು ಸರ್ಟಿಫಿಕೇಟು ಮಾಡಿಸುತ್ತೇವೆ. ಆದರೆ ಯಾವ ಕಾಯಿಲೆಯಿಂದ ಸತ್ತರು ಎಂದು ವೈದ್ಯರು ಬರೆದುಕೊಟ್ಟ ಸಾವುಗಳು 2020ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ನೂರಕ್ಕೆ 22.5 ಮಾತ್ರ. ಉಳಿದವರೆಲ್ಲ 'ಸುಸ್ತಾಗಿ ಹೋದರು', 'ಮಲಗಿದಲ್ಲೇ ಹೋದರು'. ಮನೆಯಲ್ಲಿ ತೀರಿಕೊಂಡವರಿಗೂ ನೋಡುತ್ತಿದ್ದ ವೈದ್ಯರಿಂದ ಕಾರಣ ಬರೆಸಿಕೊಳ್ಳುವ ನಮೂನೆ ಇದೆ. ತಂದೆ ಯಾವುದರಿಂದ ಹೋದರು ಎಂದು ತಿಳಿದರೆ ಮಗ ತನ್ನ ನಲವತ್ತಕ್ಕೆ ಎಚ್ಚರವಾಗುತ್ತಾನೆ. ಊರಲ್ಲಿ ಯಾವುದು ಹೆಚ್ಚು ಎಂದು ತಿಳಿದರೆ ಸರಕಾರದ ಮುಂದೆ ಧೈರ್ಯದಿಂದ ಕೇಳಬಹುದು. ಲೆಕ್ಕವಿಲ್ಲದ ಸಂಘಕ್ಕೆ ಯಾರು ಸಾಲ ಕೊಡುತ್ತಾರೆ?

ಈ ಬೆಳ್ಳಿಹಬ್ಬದ ನೆನಪಿಗೆ ಆಡಳಿತ ಮಂಡಳಿಯ ಮುಂದೆ ನಾನು ಮೂರು ಸೂಚನೆ ಇಡುತ್ತೇನೆ. ಒಂದು, ಸಂಘದ ಕಚೇರಿಯಲ್ಲಿ ಒಂದು ಬಿ.ಪಿ. ನೋಡುವ ಮಿಷನ್ ಇಡುವ. ಗೊಬ್ಬರಕ್ಕೆ, ಕಂತು ಕಟ್ಟಲು ಬಂದ 30 ವರ್ಷ ದಾಟಿದ ಸದಸ್ಯರು ಐದು ನಿಮಿಷ ಕುಳಿತು ನೋಡಿಸಿಕೊಂಡು ಹೋಗಲಿ, ಹೆಚ್ಚಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಎರಡು, ಯಶಸ್ವಿನಿ ಯೋಜನೆಗೆ ಪ್ರತಿ ಅರ್ಹ ಸದಸ್ಯ ಕುಟುಂಬವನ್ನೂ ಸೇರಿಸುವ. ಇದು ಸಹಕಾರಿಗಳ ಸ್ವಂತ ಯೋಜನೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಸಲಹೆಯಂತೆ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡು 2003ರಲ್ಲಿ ಜಾರಿಗೆ ಬಂತು. ಆಗ ಒಬ್ಬ ರೈತನಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಲಕ್ಷಾಂತರ ರೈತರ ಐದೈದು ರೂಪಾಯಿ ಸೇರಿ ಹೃದಯದ ಆಪರೇಶನ್ ಆಗುತ್ತಿತ್ತು. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ ಎಂದಾಯಿತು. ನೋಂದಣಿಯ ಕೊನೆಯ ದಿನ ದಾಟಿದ ಮೇಲೆ ಬಂದು ಕೇಳಿದರೆ ಕಾರ್ಯದರ್ಶಿಗಳು ಏನು ಮಾಡಲು ಸಾಧ್ಯ? ಮೂರು, ಪ್ರತಿ ಸದಸ್ಯರೂ ತಮ್ಮ ಷೇರು ಮತ್ತು ಠೇವಣಿಗೆ ವಾರಸುದಾರರ ಹೆಸರು ಬರೆಸಿರಿ. ಹೆಂಡತಿಯ ಹೆಸರು ಬರೆಸಲು ಹಿಂಜರಿಯಬೇಡಿ. ದುಃಖದಲ್ಲಿರುವ ಮನೆಯವರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ತಪ್ಪುತ್ತದೆ.

ಬಂಧುಗಳೇ, ಹುಟ್ಟಿದವ ಸಾಯಲೇಬೇಕು, ಅದಕ್ಕೆ ಯಾವ ಸಂಘವೂ ಔಷಧಿ ಕೊಡಲಾರದು. ನಮ್ಮ ಹಿರಿಯರು ಮಲೇರಿಯಾ, ಸಿಡುಬನ್ನು ಹಣೆಬರಹ ಎಂದು ಸುಮ್ಮನೆ ಕೂರದೆ ಸೂಜಿಗೆ ರಟ್ಟೆ ಕೊಟ್ಟರು, ಗೋಡೆಗೆ ಔಷಧಿ ಹೊಡೆಸಿಕೊಂಡರು, ಅದರಿಂದ ನಾವು ಇಲ್ಲಿದ್ದೇವೆ. ನಮ್ಮ ಪಾಲಿಗೆ ಬಂದ ಕೆಲಸ ಅದಕ್ಕಿಂತ ಸುಲಭದ್ದು: ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ ನೋಡಿಸುವುದು, ಕೊಟ್ಟ ಮಾತ್ರೆ ಬಿಡದೆ ತೆಗೆದುಕೊಳ್ಳುವುದು, ಉಪ್ಪು ಹೊಗೆ ಕಡಿಮೆ ಮಾಡುವುದು, ಎದೆನೋವಿಗೆ ಸೋಡಾ ಕುಡಿಯದೆ ಗಾಡಿ ಹತ್ತುವುದು. ಸಂಘದ ಸುವರ್ಣ ಮಹೋತ್ಸವಕ್ಕೆ ಇನ್ನು ಇಪ್ಪತ್ತೈದು ವರ್ಷ ಇದೆ. ಇಲ್ಲಿ ಕುಳಿತ ನಲವತ್ತು, ಐವತ್ತರ ವಯಸ್ಸಿನ ಸದಸ್ಯರೆಲ್ಲ ಅಂದು ಮುಂದಿನ ಸಾಲಿನಲ್ಲಿ ಹಿರಿಯರಾಗಿ ಕುಳಿತು ಹಾರ ಹಾಕಿಸಿಕೊಳ್ಳುವಂತಾಗಲಿ ಎಂದು ಹಾರೈಸುತ್ತೇನೆ.



ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.